ತಟ್ಟೆಗೆ ಅಣಬೆ ಬಂದರೆ ಬೊಜ್ಜು ಇಳಿದೀತೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳ ಹೆಸರು ಒಟ್ಟಿಗೆ ಕಿವಿಗೆ ಬಿದ್ದರೆ ಬರ, ಗುಳೆ, ಒಣಗಿದ ಕೊಳವೆಬಾವಿಗಳು ನೆನಪಾಗುತ್ತವೆ. ಸ್ವಲ್ಪ ಪುಣ್ಯವಿದ್ದರೆ ಹಡಗಲಿಯ ಮಲ್ಲಿಗೆ, ಮೈಲಾರದ ಕಾರ್ಣಿಕ, ಕೊಟ್ಟೂರೇಶ್ವರನ ತೇರು. ಬೊಜ್ಜು ಯಾರಿಗೂ ನೆನಪಾಗುವುದಿಲ್ಲ. ಹಸಿವಿನ ಲೆಕ್ಕವನ್ನೇ ಇನ್ನೂ ಮುಗಿಸದ ಸೀಮೆಯಲ್ಲಿ ಬೊಜ್ಜಿನ ಮಾತು ಅನುಚಿತ ಎಂದು ಬಹಳ ಮಂದಿಗೆ ಅನ್ನಿಸುತ್ತದೆ. ಆದರೆ ತಾಲ್ಲೂಕು ಆಸ್ಪತ್ರೆಗಳ ಮುಂದೆ ಸಕ್ಕರೆ ಕಾಯಿಲೆ, ಬಿ.ಪಿ. ಗುಳಿಗೆಗೆ ಸಾಲು ನಿಂತವರನ್ನು ನೋಡಿದರೆ ಆ ಮಾತನ್ನು ಇನ್ನು ಮುಂದೂಡಲು ಆಗದು ಎಂಬುದು ಗೊತ್ತಾಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಸ್ಪಷ್ಟವಾಗಿವೆ. 2015–16ರಲ್ಲಿ ಕರ್ನಾಟಕದ ಶೇ 23.3ರಷ್ಟು ಮಹಿಳೆಯರು, ಶೇ 22.1ರಷ್ಟು ಪುರುಷರು ಅತಿತೂಕ ಅಥವಾ ಬೊಜ್ಜಿನವರಾಗಿದ್ದರು. ಮುಂದಿನ ಸಮೀಕ್ಷೆ 2019–20ರಲ್ಲಿ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅದು ಮಹಿಳೆಯರಲ್ಲಿ ಶೇ 30.1ಕ್ಕೆ, ಪುರುಷರಲ್ಲಿ ಶೇ 30.9ಕ್ಕೆ ಏರಿತ್ತು. ಅಂದರೆ ಹತ್ತು ಜನರಲ್ಲಿ ಮೂವರು. ಈ ಲೆಕ್ಕಕ್ಕೆ ಹಿಡಿದದ್ದು 25ರ ದೇಹತೂಕ ಸೂಚ್ಯಂಕ, ಅಂದರೆ ಬಿ.ಎಂ.ಐ. ಭಾರತೀಯರ ಮೈಗೆ ಈ ಅಳತೆ ಸಡಿಲವೆಂದೂ, ನಮಗೆ 23ರಿಂದಲೇ ಅತಿತೂಕ, 25ರಿಂದಲೇ ಬೊಜ್ಜು ಎಂದು ಎಣಿಸಬೇಕೆಂದೂ ನಮ್ಮ ವೈದ್ಯರು ಬಹುಕಾಲದಿಂದ ಹೇಳುತ್ತಿದ್ದಾರೆ. ನಮ್ಮ ಕೊಬ್ಬು ಕೈಕಾಲಿಗಿಂತ ಹೊಟ್ಟೆಯ ಸುತ್ತಲೇ ಹೆಚ್ಚು ಕೂರುತ್ತದೆ. ಅದಕ್ಕೇ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಒಮ್ಮೊಮ್ಮೆ ಹೆಚ್ಚು ಸತ್ಯ ಹೇಳುತ್ತದೆ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿತೆಂದರೆ ಎಚ್ಚರ ವಹಿಸಬೇಕು.

ಈ ಸೀಮೆಯ ಮೈ ಹೀಗೇಕೆ ಬದಲಾಯಿತು? ಹೊಲವನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಜೋಳ, ನವಣೆ, ಸಜ್ಜೆ, ಸಾವೆಗಳ ಹೊಲಗಳಿಗೆ ಮೆಕ್ಕೆಜೋಳ ಬಂತು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳಲ್ಲಿ ಮುಂಗಾರಿನ ದಿನ ರಸ್ತೆಯ ಎರಡೂ ಬದಿ ಕಣ್ಣು ಹಾಯಿಸಿದಷ್ಟು ದೂರ ಅದೇ ಬೆಳೆ. ಆ ಮೆಕ್ಕೆಜೋಳ ನಮ್ಮ ತಟ್ಟೆಗೆ ಬರುವುದಿಲ್ಲ. ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಲಾರಿ ಏರಿ ಹೋಗುತ್ತದೆ. ತಟ್ಟೆಗೆ ಬಂದದ್ದು ಅಕ್ಕಿ. 2013ರಲ್ಲಿ ಬಂದ ಅನ್ನಭಾಗ್ಯವನ್ನು ಹಳಿಯುವ ಮನಸ್ಸು ನನಗಿಲ್ಲ. ಅದು ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡಿದೆ. ಆದರೆ ರೊಟ್ಟಿ ಬಡಿಯುವ ಸದ್ದು ಕಡಿಮೆಯಾಗಿ ಎರಡು ಹೊತ್ತೂ ಅನ್ನವಾಯಿತು, ಕಳೆ ತೆಗೆಯುವ ಕೆಲಸಕ್ಕೆ ಔಷಧಿ ಬಂತು, ಕಟಾವಿಗೆ ಯಂತ್ರ ಬಂತು, ನಾಲ್ಕು ಹೆಜ್ಜೆಗೂ ಬೈಕು ಬಂತು. ಸಂಜೆ ಆರಕ್ಕೆ ಬಸ್ ನಿಲ್ದಾಣದ ಎದುರು ಕುದಿಯುವ ಎಣ್ಣೆಯಲ್ಲಿ ಮಿರ್ಚಿ ಏಳುವುದು ಮಾತ್ರ ಮೊದಲಿನ ಹಾಗೇ ಉಳಿಯಿತು. ಬೆವರು ಹರಿಸುತ್ತಿದ್ದ ಮೈಗೆ ಆ ಮಿರ್ಚಿ ಒಂದು ಲೆಕ್ಕವಾಗಿರಲಿಲ್ಲ. ಕೂತು ಉಣ್ಣುವ ಮೈಗೆ ಅದು ಲೆಕ್ಕವೇ.

ಈ ಹೊತ್ತಿನಲ್ಲಿ ಅಣಬೆಯ ಹೆಸರು ಕೇಳಿಬರುತ್ತಿದೆ. ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳು ಅಣಬೆ ತಿಂದರೆ ಕೊಬ್ಬು ಕರಗುತ್ತದೆ ಎನ್ನುತ್ತವೆ. ಔಷಧಿ ಅಂಗಡಿಗಳಲ್ಲಿ ಅಣಬೆಯ ಪುಡಿ, ಕ್ಯಾಪ್ಸೂಲುಗಳು ಕಾಣಿಸಿಕೊಂಡಿವೆ. ಈ ಮಾತಿನಲ್ಲಿ ತಿರುಳು ಎಷ್ಟು, ಜೊಳ್ಳು ಎಷ್ಟು ಎಂದು ತೂರಿ ನೋಡಬೇಕಾಗಿದೆ. ನಾನು ಓದಿ ತಿಳಿದು ಮುಟ್ಟಿರುವ ನಿಲುವನ್ನು ಮೊದಲೇ ಹೇಳುತ್ತೇನೆ: ಅಣಬೆಗೆ ಕೊಬ್ಬನ್ನು ಕರಗಿಸುವ ಶಕ್ತಿ ಇಲ್ಲ. ಅದು ತಟ್ಟೆಯಲ್ಲಿ ಯಾವುದರ ಜಾಗ ಹಿಡಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಅದರೊಳಗೆ ಏನಿದೆ ನೋಡೋಣ. ತಾಜಾ ಅಣಬೆಯ ನೂರು ಗ್ರಾಂನಲ್ಲಿ ತೊಂಬತ್ತು ಗ್ರಾಂನಷ್ಟು ಬರೀ ನೀರು. ಉಳಿದ ಹತ್ತು ಗ್ರಾಂನಲ್ಲಿ ಎರಡೂವರೆ–ಮೂರು ಗ್ರಾಂ ಪ್ರೋಟೀನು, ಒಂದಷ್ಟು ನಾರು, ಹೆಸರಿಗೆ ಮಾತ್ರ ಕೊಬ್ಬು, ಜೊತೆಗೆ ಪೊಟ್ಯಾಸಿಯಂ, ಬಿ ಗುಂಪಿನ ಕೆಲವು ವಿಟಮಿನ್ನುಗಳು. ಶಕ್ತಿ ಸುಮಾರು 25ರಿಂದ 35 ಕ್ಯಾಲೊರಿ. ಅಷ್ಟೇ ತೂಕದ ಬೆಂದ ಅನ್ನದಲ್ಲಿ 130 ಕ್ಯಾಲೊರಿ. ಒಂದು ಜೋಳದ ರೊಟ್ಟಿಗೆ ಹಿಡಿಯುವ 40 ಗ್ರಾಂ ಹಿಟ್ಟಿನಲ್ಲೂ 130ರ ಮೇಲೆಯೇ. ಅಡುಗೆ ಎಣ್ಣೆಯ ಲೆಕ್ಕ ಇವೆಲ್ಲವನ್ನೂ ಮೀರಿದ್ದು. ಗ್ರಾಂ ಒಂದಕ್ಕೆ 9 ಕ್ಯಾಲೊರಿ, ದೊಡ್ಡ ಚಮಚ ಒಂದಕ್ಕೆ 120. ಅಂದರೆ ಕಾಲು ಕಿಲೊ ಅಣಬೆಯಲ್ಲಿರುವುದಕ್ಕಿಂತ ಹೆಚ್ಚು ಶಕ್ತಿ ಒಂದೂವರೆ ಚಮಚ ಎಣ್ಣೆಯಲ್ಲಿದೆ. ನಮ್ಮ ಹೊಟ್ಟೆ ತುಂಬಿತೆಂದು ಹೇಳುವುದು ಬಹುಮಟ್ಟಿಗೆ ಗಾತ್ರ ಮತ್ತು ಭಾರದ ಮೇಲೆ. ಕ್ಯಾಲೊರಿ ಎಣಿಸಲು ಅದಕ್ಕೆ ಬಾರದು. ಗಾತ್ರ ದೊಡ್ಡದು, ಶಕ್ತಿ ಚಿಕ್ಕದು ಎಂಬುದೇ ಅಣಬೆಯ ಮೊದಲ ಮತ್ತು ದೊಡ್ಡ ಗುಣ. ಇದರಲ್ಲಿ ಪವಾಡವೇನೂ ಇಲ್ಲ. ಸೋರೆಕಾಯಿಗೂ ಹೀರೇಕಾಯಿಗೂ ಈ ಗುಣವಿದೆ.

ಆದರೆ ಸೋರೆಕಾಯಿಗೆ ಇಲ್ಲದ್ದು ಅಣಬೆಗೆ ಎರಡಿವೆ. ಒಂದು ಅದರ ನಾರಿನ ಬಗೆ. ಅಣಬೆ ಗಿಡವಲ್ಲ, ಶಿಲೀಂಧ್ರ. ಅದರ ಜೀವಕೋಶದ ಗೋಡೆ ಕೈಟಿನ್ ಮತ್ತು ಬೀಟಾ ಗ್ಲುಕಾನ್ ಎಂಬ ವಸ್ತುಗಳಿಂದ ಆದದ್ದು. ಏಡಿ, ಸಿಗಡಿಗಳ ಚಿಪ್ಪಿನಲ್ಲಿರುವುದೂ ಈ ಕೈಟಿನ್ನೇ. ಇವನ್ನು ನಮ್ಮ ಸಣ್ಣ ಕರುಳು ಸುಲಭವಾಗಿ ಅರಗಿಸದು. ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಈ ಆಮ್ಲಗಳು ಕರುಳಿನ ಗೋಡೆಯ ಕೋಶಗಳನ್ನು ತಟ್ಟಿ, ಇನ್ನು ಸಾಕು ಎಂದು ಮಿದುಳಿಗೆ ತಿಳಿಸುವ ಹಾರ್ಮೋನುಗಳನ್ನು ಬಿಡಿಸುತ್ತವೆ. ಅವುಗಳಲ್ಲಿ ಒಂದರ ಹೆಸರು ಜಿಎಲ್‌ಪಿ–1. 2025ರಲ್ಲಿ ಭಾರತದ ಪೇಟೆಗೆ ಬಂದ ಮೌಂಜಾರೊ, ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಕೆಲಸ ಮಾಡುವುದು ಈ ಹಾರ್ಮೋನಿನ ದಾರಿಯಲ್ಲೇ. ಹಾಗೆಂದು ಅಣಬೆಯನ್ನು ಬಡವರ ಚುಚ್ಚುಮದ್ದು ಎಂದು ಕರೆದರೆ ಅದು ಸುಳ್ಳು. ನಾರಿನಿಂದ ಹೊಮ್ಮುವ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಒಡೆದುಹೋಗುತ್ತದೆ. ಚುಚ್ಚುಮದ್ದಿನ ಔಷಧಿ ವಾರಗಟ್ಟಲೆ ಉಳಿಯುವಂತೆ ಕಟ್ಟಿದ್ದು. ದಾರಿ ಒಂದೇ ಆದರೂ ಬಲಕ್ಕೆ ಹೋಲಿಕೆ ಇಲ್ಲ.

ಎರಡನೆಯದು ರುಚಿ. ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಸಮುದ್ರಪಾಚಿಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳ ಆಚೆ ಉಮಾಮಿ ಎಂಬ ಇನ್ನೊಂದು ರುಚಿ ಇದೆ ಎಂದರು. 1950ರ ದಶಕದ ಕೊನೆಗೆ ಅಕಿರಾ ಕುನಿನಾಕ ಎಂಬ ಇನ್ನೊಬ್ಬ ವಿಜ್ಞಾನಿ ಆ ರುಚಿಯನ್ನು ಹಲವು ಪಟ್ಟು ಹೆಚ್ಚಿಸುವ ಗ್ವಾನಿಲೇಟ್ ಎಂಬ ವಸ್ತುವಿನ ಗುಣವನ್ನು ತೋರಿಸಿಕೊಟ್ಟರು. ಒಣಗಿಸಿದ ಶಿಟಾಕೆ ಅಣಬೆಯಲ್ಲಿ ಇದು ಧಾರಾಳವಾಗಿದೆ. ಮಾಂಸದ ಸಾರಿಗೆ ಬರುವ ಆಳವಾದ ರುಚಿ ಅಣಬೆಯ ಸಾರಿಗೂ ಬರುವುದು ಇದರಿಂದಲೇ. ರುಚಿ ಇದ್ದಲ್ಲಿ ಎಣ್ಣೆ, ಉಪ್ಪನ್ನು ಕಡಿಮೆ ಮಾಡಿದರೂ ನಾಲಗೆ ಮುನಿಸಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ, ಬೊಜ್ಜಿನ ವಿಷಯದಲ್ಲಿ ಅಣಬೆ ಮಾಡಬಲ್ಲ ಅತಿ ದೊಡ್ಡ ಉಪಕಾರ ಇಲ್ಲಿದೆ. ಪ್ರಯೋಗಾಲಯದವರು ಇದಕ್ಕೆ ಕೊಟ್ಟ ಗಮನ ಕಡಿಮೆ.

ಪ್ರಯೋಗಾಲಯದವರ ಗಮನ ಹೋಗಿರುವುದು ಹೆಚ್ಚಾಗಿ ಇಲಿಗಳ ಕಡೆಗೆ. 2015ರಲ್ಲಿ ತೈವಾನಿನ ವಿಜ್ಞಾನಿಗಳು ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಹೆಸರು ಮಾಡಿತು. ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಿಗೆ ಗ್ಯಾನೊಡರ್ಮ ಅಣಬೆಯ ರಸ ಕೊಟ್ಟಾಗ ಅವುಗಳ ತೂಕ ಅಷ್ಟಾಗಿ ಏರಲಿಲ್ಲ, ಕರುಳಿನ ಸೂಕ್ಷ್ಮಜೀವಿಗಳ ಬಳಗ ಬದಲಾಯಿತು. ಆ ಇಲಿಗಳ ಮಲವನ್ನು ಬೇರೆ ಇಲಿಗಳ ಹೊಟ್ಟೆಗೆ ಸೇರಿಸಿದಾಗ ಅವುಗಳಲ್ಲೂ ಪರಿಣಾಮ ಕಂಡಿತು. ಅಣಬೆಯ ಕೆಲಸ ಸೂಕ್ಷ್ಮಜೀವಿಗಳ ಮೂಲಕವೇ ನಡೆಯುತ್ತಿದೆ ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷ್ಯ. ಆದರೆ ಇಲಿಯ ಹೊಟ್ಟೆಗೂ ನಮ್ಮ ಹೊಟ್ಟೆಗೂ ಬಹಳ ದೂರ. ಅಲ್ಲಿ ಕೊಟ್ಟದ್ದು ಬೇಯಿಸಿದ ಪಲ್ಯವಲ್ಲ, ಅಣಬೆಯ ಬೇರಿನಂಥ ಎಳೆಗಳಿಂದ ತೆಗೆದ ಸಾರ. ಗ್ಯಾನೊಡರ್ಮವೂ ಮರದಂತೆ ಗಡುಸು, ಪಲ್ಯಕ್ಕೆ ಬರುವ ಜಾತಿಯಲ್ಲ. ಕ್ಯಾಪ್ಸೂಲು ಮಾರುವವರು ಇಂಥ ಇಲಿಯ ಅಧ್ಯಯನವನ್ನು ಮುಂದಿಟ್ಟುಕೊಂಡು ಮನುಷ್ಯರಿಗೆ ಭರವಸೆ ಕೊಡುತ್ತಾರೆ. ಆ ಭರವಸೆಗೆ ದುಡ್ಡು ಕೊಡಬೇಡಿ.

ಮನುಷ್ಯರ ಮೇಲಿನ ಪರೀಕ್ಷೆಗಳೂ ನಡೆದಿವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲಾರೆನ್ಸ್ ಚೆಸ್ಕಿನ್ ತಂಡ 2008ರಲ್ಲಿ ಒಂದು ಸರಳ ಪ್ರಶ್ನೆ ಕೇಳಿತು. ಮಧ್ಯಾಹ್ನದ ಊಟದಲ್ಲಿ ದನದ ಮಾಂಸದ ಬದಲು ಬಟನ್ ಅಣಬೆ ಹಾಕಿದರೆ, ಉಳಿದ ಹಸಿವನ್ನು ಜನ ರಾತ್ರಿ ಹೆಚ್ಚು ಉಂಡು ತೀರಿಸಿಕೊಳ್ಳುತ್ತಾರೆಯೇ? ಅಣಬೆಯ ಊಟದಲ್ಲಿ ಮಾಂಸದ ಊಟದ ಅರ್ಧಕ್ಕಿಂತ ಕಡಿಮೆ ಕ್ಯಾಲೊರಿ ಇತ್ತು. ನಾಲ್ಕು ದಿನ ಹೀಗೆ ಉಂಡವರು ರಾತ್ರಿ ಅದನ್ನು ತುಂಬಿಕೊಳ್ಳಲಿಲ್ಲ, ರುಚಿ ಕಡಿಮೆ ಎಂದು ದೂರಲೂ ಇಲ್ಲ. ಅದೇ ವಿಶ್ವವಿದ್ಯಾಲಯದಿಂದ 2013ರಲ್ಲಿ ಇನ್ನೊಂದು ಅಧ್ಯಯನ ಬಂತು. ಬೊಜ್ಜಿದ್ದ 73 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದು ಗುಂಪು ಮಾಂಸದ ಬದಲು ಅಣಬೆ ತಿನ್ನುವಂತೆ ಒಂದು ವರ್ಷ ನೋಡಿಕೊಂಡರು. ವರ್ಷದ ಕೊನೆಗೆ ಅಣಬೆಯ ಗುಂಪಿನ ತೂಕ ಆರಂಭದ ತೂಕದ ಶೇ 3.6ರಷ್ಟು ಇಳಿದಿತ್ತು. 80 ಕಿಲೊ ತೂಗುವವರಿಗೆ ಅದು ಮೂರು ಕಿಲೊಗೆ ಹತ್ತಿರ. ದೊಡ್ಡದಲ್ಲ. ಆದರೆ ಮಂಡಿನೋವಿನವರನ್ನು, ಸಕ್ಕರೆಯ ಅಂಚಿನಲ್ಲಿರುವವರನ್ನು ಕೇಳಿದರೆ ಮೂರು ಕಿಲೊದ ಬೆಲೆ ಅವರೇ ಹೇಳುತ್ತಾರೆ.

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿ ಇಟ್ಟು ನೋಡಬೇಕು. ಸಿಂಪಿ ಅಣಬೆಯ ಬಗ್ಗೆ ಮನುಷ್ಯರ ಮೇಲೆ ನಡೆದ ಎಂಟು ಪರೀಕ್ಷೆಗಳನ್ನು ಜರ್ಮನಿಯ ಸಂಶೋಧಕರು 2020ರಲ್ಲಿ ಒಟ್ಟುಗೂಡಿಸಿ ಜಾಲಾಡಿದರು. ರಕ್ತದ ಸಕ್ಕರೆ, ಕೊಲೆಸ್ಟರಾಲ್‌ಗಳಲ್ಲಿ ಸುಧಾರಣೆಯ ಸೂಚನೆ ಸಿಕ್ಕಿತು. ದೇಹದ ತೂಕದಲ್ಲಿ ಬದಲಾವಣೆ ಸಿಗಲಿಲ್ಲ. ಪರೀಕ್ಷೆಗಳ ಗುಣಮಟ್ಟವೂ ಅಷ್ಟು ಗಟ್ಟಿಯಾಗಿಲ್ಲ ಎಂದು ಅವರೇ ಬರೆದರು. ಮೇಲುನೋಟಕ್ಕೆ ಈ ಎರಡು ಒಂದಕ್ಕೊಂದು ವಿರುದ್ಧ. ಆದರೆ ಜಾನ್ಸ್ ಹಾಪ್ಕಿನ್ಸ್ ಪರೀಕ್ಷೆಗಳಲ್ಲಿ ಅಣಬೆ ಒಳಗೆ ಬಂದಾಗ ಮಾಂಸ ಹೊರಗೆ ಹೋಯಿತು ಎಂಬುದನ್ನು ಗಮನಿಸಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ದಿನವೂ ಉಣ್ಣುವುದನ್ನೆಲ್ಲ ಉಂಡು, ಅದರ ಮೇಲೆ ಒಂದಿಷ್ಟು ಅಣಬೆಯನ್ನೋ ಅಣಬೆಪುಡಿಯನ್ನೋ ಸೇರಿಸಿದರೆ ತೂಕ ಏಕೆ ಇಳಿಯಬೇಕು? ಇಳಿಸುವಂಥದ್ದೇನೂ ಅಲ್ಲಿ ನಡೆದಿಲ್ಲವಲ್ಲ.

ಇಲ್ಲಿಂದಾಚೆಗೆ ಅಮೆರಿಕದ ಲೆಕ್ಕ ನಮಗೆ ನೇರವಾಗಿ ಒದಗುವುದಿಲ್ಲ. ಅವರ ತಟ್ಟೆಯಿಂದ ಹೊರಗೆ ಹೋದದ್ದು ದಿನನಿತ್ಯದ ಮಾಂಸ. ಕೊಟ್ಟೂರು, ಉಜ್ಜಿನಿಗಳ ಸುತ್ತಲಿನ ಎಷ್ಟೋ ಮನೆಗಳಲ್ಲಿ ಮಾಂಸವೇ ಇಲ್ಲ. ಮಾಂಸ ತಿನ್ನುವ ಮನೆಗಳಲ್ಲೂ ಅದು ವಾರಕ್ಕೊಮ್ಮೆ, ಹಬ್ಬ–ಜಾತ್ರೆಗೊಮ್ಮೆ. ಹಾಗಾದರೆ ಈ ಐದು ತಾಲ್ಲೂಕುಗಳ ತಟ್ಟೆಯಿಂದ ಏನು ಹೊರಗೆ ಹೋಗಬೇಕು?

ರೊಟ್ಟಿಯಂತೂ ಅಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಒಂದು ಚಮಚ ಶೇಂಗಾ ಚಟ್ನಿ, ಮಜ್ಜಿಗೆ, ಹಸಿ ಈರುಳ್ಳಿ. ಇಷ್ಟಿರುವ ಊಟ ಯಾವ ಆಹಾರತಜ್ಞರ ಮುಂದೆಯೂ ತಲೆ ಎತ್ತಿ ನಿಲ್ಲುತ್ತದೆ. ಹೊರಗೆ ಹೋಗಬೇಕಾದ್ದು ಎರಡನೆಯ ಸಲ ಬಡಿಸಿಕೊಳ್ಳುವ ಅನ್ನ, ಸಂಜೆಯ ಮಿರ್ಚಿಯಲ್ಲಿ ಒಂದೆರಡು, ಮತ್ತು ಒಗ್ಗರಣೆಯಲ್ಲಿ ಅಳತೆ ಇಲ್ಲದೆ ಸುರಿಯುವ ಎಣ್ಣೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗದರ್ಶಿಯಲ್ಲಿ ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಎಣ್ಣೆ–ಕೊಬ್ಬು ಎಲ್ಲ ಸೇರಿ 27 ಗ್ರಾಂ ಸಾಕು ಎಂದಿದೆ. ಅದೇ ತಟ್ಟೆಗೆ ತರಕಾರಿ 400 ಗ್ರಾಂ ಬೇಕು ಎಂದೂ ಇದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರು ಎಣ್ಣೆ ಎಂದು ಲೆಕ್ಕ ಬರುತ್ತದೆ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಕಿರಾಣಿ ಅಂಗಡಿಯ ಚೀಟಿ ತೆಗೆದು ನೋಡಿಕೊಳ್ಳಿ. ತರಕಾರಿ 400 ಗ್ರಾಂ ಆಗುತ್ತದೆಯೇ ಎಂಬುದನ್ನೂ. ಬೇಸಿಗೆಯಲ್ಲಿ ಸೊಪ್ಪು–ಕಾಯಿಪಲ್ಯ ತುಟ್ಟಿಯಾಗಿ, ಅನ್ನ–ಸಾರಿಗೆ ಊಟ ಇಳಿಯುವ ಈ ಕಡೆ ಆ ಖಾಲಿ ಜಾಗದಲ್ಲೇ ಅಣಬೆಗೆ ಕೆಲಸವಿದೆ.

ಆದರೆ ಹೋಟೆಲುಗಳಲ್ಲಿ ಅಣಬೆ ಸಿಗುವ ರೂಪ ಯಾವುದು? ಮಶ್ರೂಮ್ ಮಂಚೂರಿ, ಮಶ್ರೂಮ್ ಪೆಪ್ಪರ್ ಫ್ರೈ. ಮೈದಾ–ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ ಕರಿದ ಅಣಬೆ ಎಣ್ಣೆಯನ್ನು ಹೀರುವುದರಲ್ಲಿ ಬದನೆಕಾಯಿಗೂ ಕಡಿಮೆಯಲ್ಲ. ನೂರು ಗ್ರಾಂಗೆ ಮೂವತ್ತು ಕ್ಯಾಲೊರಿ ಇದ್ದ ಪದಾರ್ಥ ಕರಿದು ಏಳುವಷ್ಟರಲ್ಲಿ ಮಿರ್ಚಿಯ ಅಣ್ಣನಾಗಿರುತ್ತದೆ. ಇದನ್ನು ತಿಂದು ಆರೋಗ್ಯಕ್ಕೆ ಒಳ್ಳೆಯದು ಎಂದುಕೊಳ್ಳುವುದು ಅಪಾಯದ ಸಮಾಧಾನ.

ಮನೆಯಲ್ಲಿ ಮಾಡುವ ಬಗೆ ಸುಲಭ. ಕಬ್ಬಿಣದ ತವೆ ಚೆನ್ನಾಗಿ ಕಾದ ಮೇಲೆ ಎಣ್ಣೆ ಇಲ್ಲದೆ ಹೆಚ್ಚಿದ ಅಣಬೆಯನ್ನು ಹಾಕಬೇಕು. ಅದು ತನ್ನ ನೀರನ್ನು ತಾನೇ ಬಿಡುತ್ತದೆ, ಆ ನೀರಿನಲ್ಲೇ ಬೇಯುತ್ತದೆ. ನೀರು ಇಂಗಿ ಅಂಚು ಕೆಂಪಾಗುವಾಗ ಒಂದು ಚಮಚ ಎಣ್ಣೆ, ಬೆಳ್ಳುಳ್ಳಿ, ಈರುಳ್ಳಿ, ಮನೆಯ ಖಾರದ ಪುಡಿ. ಕೊನೆಗೆ ಒಂದು ಚಿಟಿಕೆ ಗುರೆಳ್ಳು ಪುಡಿ ಉದುರಿಸಿದರೆ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇಡ. ನವಣೆ ಅನ್ನದ ಮೇಲೆ ಅಣಬೆ ಸಾರು ಇನ್ನೊಂದು ಸಾಧ್ಯತೆ, ಕೂಡ್ಲಿಗಿಯ ಕಡೆಯ ಮುದ್ದೆಗೂ ಅದು ಸೈ. ಕುರಿ ಮಾಂಸದ ಸಾರು ಮಾಡುವ ಮನೆಯಲ್ಲಿ ಮಾಂಸ ಅರ್ಧ, ಅಣಬೆ ಅರ್ಧ ಹಾಕಿದರೆ ರುಚಿ ಬಿದ್ದುಹೋಗದು, ಕೊಬ್ಬು ಮಾತ್ರ ಅರ್ಧಕ್ಕೆ ಇಳಿಯುತ್ತದೆ. ಅಣಬೆ ಮಾಂಸದ ಜಾತಿಯದು ಎಂದು ದೂರ ಇಡುವ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅದು ಅವರ ನಂಬಿಕೆ. ಅವರಿಗೆ ಹೀರೇಕಾಯಿ, ಸೋರೆಕಾಯಿ, ನುಗ್ಗೆಸೊಪ್ಪು ಇವೆ. ಬೊಜ್ಜಿನ ವಿಷಯದಲ್ಲಿ ಅವರೇನೂ ಕಳೆದುಕೊಳ್ಳುವುದಿಲ್ಲ.

ಅಣಬೆ ಎಲ್ಲರಿಗೂ ಅಲ್ಲ ಎಂಬ ಮಾತನ್ನೂ ಇಲ್ಲೇ ಹೇಳಬೇಕು. ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಗುಳೆ ಹೋಗಿ ಸೊರಗಿ ಬರುವ ತಾಯಂದಿರಿಗೆ, ಅವರ ಜೊತೆ ಹೋದ ಮಕ್ಕಳಿಗೆ ಕಡಿಮೆ ಕ್ಯಾಲೊರಿಯ ಆಹಾರ ಬೇಕಾಗಿಲ್ಲ. ಒಂದೇ ಬೀದಿಯಲ್ಲಿ, ಒಮ್ಮೊಮ್ಮೆ ಒಂದೇ ಮನೆಯಲ್ಲಿ, ಅತಿತೂಕದ ಅಪ್ಪ ಮತ್ತು ರಕ್ತಹೀನತೆಯ ಮಗಳು ಇರುವುದು ಈಗಿನ ವಾಸ್ತವ. ಅಣಬೆಯ ಪ್ರೋಟೀನಿನ ಬಗ್ಗೆ ಬಹಳ ದೊಡ್ಡ ಮಾತು ಕೇಳಿಬರುತ್ತದೆ. ಒಣಗಿಸಿದ ಅಣಬೆಯ ತೂಕದಲ್ಲಿ ಕಾಲು ಭಾಗದಷ್ಟು ಪ್ರೋಟೀನು ಇರುವುದು ನಿಜ. ಆದರೆ ಹಸಿ ಅಣಬೆಯ ನೂರು ಗ್ರಾಂನಲ್ಲಿ ಸಿಗುವುದು ಮೂರು ಗ್ರಾಂ. ಒಂದು ಮೊಟ್ಟೆಯಲ್ಲಿ ಅದರ ಎರಡು ಪಟ್ಟು ಇದೆ. ಬೆಳೆಯುವ ಮಗುವಿಗೆ, ಬಾಣಂತಿಗೆ ಮೊಟ್ಟೆ, ಬೇಳೆ, ಹಾಲು, ಶೇಂಗಾ ಮೊದಲು. ಅಣಬೆ ಅದರ ಜೊತೆಗೆ ಬರಲಿ, ಅದರ ಬದಲಿಗೆ ಬೇಡ. ಬಿ–12ಕ್ಕೂ ಅಣಬೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಗುಳಿಗೆಯ ವಿಷಯವೂ ಹೀಗೆಯೇ. ಸಿಂಪಿ ಅಣಬೆಯಲ್ಲಿ ಲೊವಾಸ್ಟಾಟಿನ್ ಇದೆ ಎಂಬ ಸುದ್ದಿ ಓದಿ, ಕೊಲೆಸ್ಟರಾಲ್ ಗುಳಿಗೆ ಬಿಟ್ಟವರುಂಟು. 1987ರಲ್ಲಿ ಔಷಧಿಯಾಗಿ ಮೊದಲು ಪೇಟೆಗೆ ಬಂದ ಸ್ಟಾಟಿನ್ ಇದೇ, ಅದನ್ನು ತೆಗೆದದ್ದೂ ಒಂದು ಶಿಲೀಂಧ್ರದಿಂದಲೇ. ಆದರೆ ಅಣಬೆಯಲ್ಲಿ ಅದರ ಪ್ರಮಾಣ ತಳಿಯಿಂದ ತಳಿಗೆ, ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ಗುಳಿಗೆಯ ಅಳತೆ ಪಲ್ಯದಲ್ಲಿ ಸಿಗದು. ಗೌಟ್ ಇರುವವರು, ಮೂತ್ರಪಿಂಡದ ತೊಂದರೆಗೆ ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ಹೇಳಿಸಿಕೊಂಡವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಇನ್ನು ನೆಲದ ಅಣಬೆ. ಮೊದಲ ಮಳೆ ಬಿದ್ದು ನೆಲ ತಣಿದ ಮೇಲೆ ಹುತ್ತದ ಬುಡದಲ್ಲಿ ಏಳುವ ಅಣಬೆಯ ರುಚಿ ಬಲ್ಲವರಿಗೆ ಪೇಟೆಯ ಬಟನ್ ಅಣಬೆ ಸಪ್ಪೆ. ಅದು ಟರ್ಮಿಟೊಮೈಸಿಸ್ ಎಂಬ ಕುಲ. ಗೆದ್ದಲುಗಳು ಹುತ್ತದೊಳಗೆ ಅದನ್ನು ತಾವೇ ಸಾಕುತ್ತವೆ: ತಿಂದು ಹಾಕಿದ ಕಟ್ಟಿಗೆಯ ಮೇಲೆ ಅಣಬೆಯ ಎಳೆ ಬೆಳೆಸಿ, ಅದನ್ನೇ ಉಣ್ಣುತ್ತವೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಧಾಮದಲ್ಲಿ ಕರಡಿಗಳು ಹುತ್ತ ಬಗೆದು ಗೆದ್ದಲು ತಿನ್ನುವುದೂ, ಮನುಷ್ಯರು ಹುತ್ತದ ಬುಡ ಹುಡುಕುವುದೂ ಒಂದೇ ಜೀವದ ಎರಡು ಫಲಗಳಿಗಾಗಿ. ಗೆದ್ದಲಿಲ್ಲದೆ ಈ ಅಣಬೆಯನ್ನು ಶೆಡ್ಡಿನಲ್ಲಿ ಬೆಳೆಸಿ ಮಾರುವ ದಾರಿ ಇನ್ನೂ ಸಿಕ್ಕಿಲ್ಲ.

ಕಾಡು ಅಣಬೆಯ ಬಗ್ಗೆ ನನ್ನದು ಕಟುವಾದ ಮಾತು: ತಲೆಮಾರಿನಿಂದ ಅದನ್ನೇ ಹೆಕ್ಕಿ ತಿಂದು ಬಂದ ಹಿರಿಯರ ಕಣ್ಣು ಜೊತೆಗಿಲ್ಲದಿದ್ದರೆ ಮುಟ್ಟಬೇಡಿ. ಬೆಳ್ಳಿ ನಾಣ್ಯ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಅರಿಶಿನ ಹಾಕಿ ಕುದಿಸಿದರೆ ವಿಷ ಹೋಗುತ್ತದೆ ಎಂಬ ಮೂರೂ ಮಾತುಗಳು ಸುಳ್ಳು. ಮಳೆಗಾಲದಲ್ಲಿ ಹುಲ್ಲುಗಾವಲಿನಲ್ಲಿ, ಶಾಲೆಯ ಬಯಲಿನಲ್ಲಿ ಬಿಳಿ ಛತ್ರಿಯಂತೆ ಏಳುವ ಒಂದು ದೊಡ್ಡ ಅಣಬೆ ನೋಡಲು ತಿನ್ನುವ ಅಣಬೆಯ ತದ್ರೂಪು, ತಿಂದವರಿಗೆ ವಾಂತಿ–ಭೇದಿ ಖಂಡಿತ. ಅದಕ್ಕಿಂತ ಕೆಟ್ಟದ್ದು ಅಮಟಾಕ್ಸಿನ್ ಇರುವ ಜಾತಿಗಳು. ಆ ವಿಷ ಕುದಿಸಿದರೂ ಸಾಯದು. ತಿಂದು ಆರು ಗಂಟೆ ಕಳೆದ ಮೇಲೆ, ಒಮ್ಮೊಮ್ಮೆ ಮರುದಿನ, ವಾಂತಿ–ಭೇದಿ ಶುರುವಾಗಿ ನಡುವೆ ಒಂದು ದಿನ ಗುಣವಾದಂತೆ ಕಂಡು, ಆಮೇಲೆ ಯಕೃತ್ತು ಕೈಕೊಡುತ್ತದೆ. ಅಣಬೆ ತಿಂದು ಹೊಟ್ಟೆ ಕೆಟ್ಟವರು ಆ ನಡುವಿನ ನೆಮ್ಮದಿಯನ್ನು ನಂಬದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ತಿಂದ ಅಣಬೆಯ ಚೂರು ಉಳಿದಿದ್ದರೆ ಅದನ್ನೂ ಒಯ್ಯಬೇಕು.

ಬೆಳೆಸಿದ ಅಣಬೆಗೆ ಈ ಭಯವಿಲ್ಲ. ಈ ಸೀಮೆಯ ಬಿಸಿಲಿಗೆ ಒಗ್ಗುವ ಅಣಬೆಯೂ ಇದೆ. ಬಟನ್ ಅಣಬೆಗೆ ತಂಪು ಬೇಕು, ಇಲ್ಲಿ ಅದಕ್ಕೆ ಎ.ಸಿ. ಕೋಣೆಯೇ ಆಗಬೇಕು. ಸಿಂಪಿ ಅಣಬೆಗೆ 20ರಿಂದ 30 ಡಿಗ್ರಿ ಸಾಕು, ಮುಂಗಾರಿನಿಂದ ಚಳಿಗಾಲದವರೆಗೆ ನಡೆಯುತ್ತದೆ. ಬೇಸಿಗೆಗೆ ಹಾಲಣಬೆ. ಬಂಗಾಳದಲ್ಲಿ ಸಿಕ್ಕ ಈ ಅಣಬೆಯನ್ನು ಪುರಕಾಯಸ್ಥ ಮತ್ತು ಚಂದ್ರ ಎಂಬ ವಿಜ್ಞಾನಿಗಳು 1974ರಲ್ಲಿ ಕ್ಯಾಲೊಸೈಬ್ ಇಂಡಿಕಾ ಎಂದು ಹೆಸರಿಟ್ಟು ಜಗತ್ತಿಗೆ ಪರಿಚಯಿಸಿದರು. 1998ರಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಎಪಿಕೆ–2 ಎಂಬ ತಳಿಯನ್ನು ರೈತರ ಕೈಗಿಟ್ಟಿತು. 30ರಿಂದ 35 ಡಿಗ್ರಿಯಲ್ಲಿ ದಷ್ಟಪುಷ್ಟವಾಗಿ ಬೆಳೆಯುವ, ಹಾಲಿನಂತೆ ಬಿಳಿಯ ಈ ಅಣಬೆ ನಮ್ಮದೇ ನೆಲದ್ದು. ಸಿಂಪಿ ಅಣಬೆ ಕೊಯ್ದ ಮರುದಿನವೇ ಬಾಡುತ್ತದೆ. ಇದು ಮೂರು–ನಾಲ್ಕು ದಿನ ತಡೆಯುತ್ತದೆ. ಹಡಗಲಿಯಲ್ಲಿ ಕೊಯ್ದದ್ದನ್ನು ಹೊಸಪೇಟೆಗೋ ದಾವಣಗೆರೆಗೋ ಕಳಿಸಬೇಕಾದವರಿಗೆ ಆ ಮೂರು ದಿನವೇ ಬಂಡವಾಳ.

ಕಚ್ಚಾವಸ್ತು ಹೊಲದಲ್ಲೇ ಬಿದ್ದಿದೆ. ತುಂಗಭದ್ರೆಯ ದಂಡೆಯ ಊರುಗಳಲ್ಲಿ ಭತ್ತದ ಹುಲ್ಲು, ಉಳಿದೆಡೆ ಮೆಕ್ಕೆಜೋಳದ ಸೊಪ್ಪೆ ಮತ್ತು ಬೆಂಡು. ಕಾಳು ಬಿಡಿಸಿದ ಮೇಲೆ ಬೆಂಡನ್ನು ಒಲೆಗೆ ಹಾಕುವುದು, ಸೊಪ್ಪೆಗೆ ಹೊಲದಲ್ಲೇ ಬೆಂಕಿ ಕೊಡುವುದು ನಡೆದೇ ಇದೆ. ಅದನ್ನೇ ಎರಡು ಇಂಚಿನಷ್ಟು ಸಣ್ಣಗೆ ಕತ್ತರಿಸಿ, ರಾತ್ರಿ ನೆನೆಸಿ, ಬಿಸಿ ನೀರಿನಲ್ಲಿ ಒಂದು ತಾಸು ಬೇಯಿಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸಿ, ಪಾಲಿಥಿನ್ ಚೀಲದಲ್ಲಿ ಪದರ ಪದರವಾಗಿ ಬೀಜ ಹಾಕಿ ತುಂಬಬೇಕು. ಅಣಬೆಯ ಬೀಜ ಎನ್ನುವುದು ಬೇಯಿಸಿದ ಜೋಳದ ಕಾಳಿನ ಮೇಲೆ ಹಬ್ಬಿಸಿದ ಅಣಬೆಯ ಬಿಳಿ ಎಳೆ. ಹದಿನೈದು–ಇಪ್ಪತ್ತು ದಿನಗಳಲ್ಲಿ ಚೀಲವೆಲ್ಲ ಬೆಳ್ಳಗಾಗುತ್ತದೆ. ಸಿಂಪಿಯಾದರೆ ಕೆಲ ದಿನಗಳಲ್ಲೇ ಮೊಗ್ಗು ಒಡೆಯುತ್ತದೆ. ಹಾಲಣಬೆಗೆ ಮೇಲೊಂದು ಪದರ ಮಣ್ಣು ಹೊದಿಸಬೇಕು, ಇನ್ನೂ ಹತ್ತು ದಿನ ಕಾಯಬೇಕು. ಶೆಡ್ಡಿನ ಗೋಡೆಗೆ ಗೋಣಿತಾಟು ಕಟ್ಟಿ ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಬೇಕು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಇದು ಆಗದು. ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆ ಇದ್ದರೆ ಅದರ ಒಂದು ಕೋಣೆ ಇದಕ್ಕೆ ಹೇಳಿಮಾಡಿಸಿದ್ದು. ಸಿಂಪಿ ಅಣಬೆ ಬೆಳೆಯುವವರು ಕೊಯ್ಲಿನ ಹೊತ್ತಿನಲ್ಲಿ ಮೂಗು–ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಅದರ ಧೂಳಿನಂಥ ಬೀಜಕಣಗಳು ಶ್ವಾಸಕೋಶಕ್ಕೆ ಹೋಗಿ ಕೆಮ್ಮು, ಜ್ವರ ತರುತ್ತವೆ. ಬೀಜಕ್ಕೆ, ತರಬೇತಿಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಣಬೆ ಪ್ರಯೋಗಾಲಯವಿದೆ. ಹತ್ತಿರದಲ್ಲಿ ಕೇಳಿ ನೋಡಲು ಬಳ್ಳಾರಿ ಬಳಿಯ ಹಗರಿಯ ಕೃಷಿ ವಿಜ್ಞಾನ ಕೇಂದ್ರವಿದೆ.

ಸ್ವಸಹಾಯ ಸಂಘದ ಮಹಿಳೆಯರಿಗೆ ಅಣಬೆ ಬೆಳೆಯುವುದು ಕಲಿಸಿ ಕೈತೊಳೆದುಕೊಳ್ಳುವ ತರಬೇತಿಗಳು ಎಲ್ಲೆಡೆ ನಡೆದಿವೆ. ಬೆಳೆದ ಮೇಲೆ ಕೊಳ್ಳುವವರಿಲ್ಲದೆ ಎರಡನೆಯ ಬೆಳೆಗೇ ಕೈಬಿಟ್ಟ ಸಂಘಗಳು ಬಹಳ. ಸಣ್ಣ ಪಟ್ಟಣಗಳಲ್ಲಿ ಅಣಬೆ ಇನ್ನೂ ಅಪರೂಪದ ತುಟ್ಟಿ ತರಕಾರಿ. ಬೊಜ್ಜು ಇಳಿಸಬೇಕಾದವರು ಕೊಳ್ಳಬೇಕು, ಬೆಳೆಯುವವರಿಗೆ ಕೊಳ್ಳುವವರು ಬೇಕು, ಆದರೆ ಇಬ್ಬರೂ ವಾರದ ಸಂತೆಯಲ್ಲಿ ಒಬ್ಬರನ್ನೊಬ್ಬರು ಕಾಣುವುದಿಲ್ಲ. ಹೋಬಳಿಗೆ ಒಂದೆರಡು ಸಂಘಗಳು ಸಂತೆಯ ದಿನಕ್ಕೆ ಸರಿಯಾಗಿ ಕೊಯ್ಲು ಬರುವಂತೆ ಚೀಲ ಕಟ್ಟಿದರೆ, ಅವರಿಗೆ ಸಂತೆಯಲ್ಲಿ ಒಂದು ನೆರಳಿನ ಕಟ್ಟೆ ಪಂಚಾಯಿತಿಯಿಂದ ಸಿಕ್ಕರೆ, ಇದು ನಡೆಯುವ ಕೆಲಸ.

ಮಾರಾಟವಾಗದೆ ಉಳಿದದ್ದಕ್ಕೆ ಇಲ್ಲಿ ಬಿಸಿಲಿದೆ. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಎಂಬ ವಸ್ತುವಿದೆ. ಸೂರ್ಯನ ನೇರಳಾತೀತ ಕಿರಣ ಬಿದ್ದರೆ ಅದು ವಿಟಮಿನ್ ಡಿ–2 ಆಗಿ ಬದಲಾಗುತ್ತದೆ. ಕತ್ತಲ ಶೆಡ್ಡಿನಲ್ಲಿ ಬೆಳೆದ ಅಣಬೆಯಲ್ಲಿ ಈ ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚಿ, ತೆಳುವಾದ ಬಟ್ಟೆಯ ಮೇಲೆ ಹರವಿ ನಡುಹಗಲಿನ ಬಿಸಿಲಿಗೆ ಇಟ್ಟರೆ ಸಾಕಷ್ಟು ಹುಟ್ಟಿಕೊಳ್ಳುತ್ತದೆ, ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಹಪ್ಪಳ–ಸಂಡಿಗೆ ಒಣಗಿಸುವ ಮಾಳಿಗೆಯ ಮೇಲೇ ಇದೂ ಆದೀತು. ಗರಿಗರಿಯಾದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟು, ತರಕಾರಿ ಸಿಗದ ದಿನ ಅರ್ಧ ತಾಸು ಬೆಚ್ಚಗಿನ ನೀರಿನಲ್ಲಿ ನೆನೆಸಿ ಸಾರಿಗೆ ಹಾಕಬಹುದು. ನೆನೆಸಿದ ನೀರನ್ನು ಚೆಲ್ಲಬೇಡಿ, ರುಚಿಯೆಲ್ಲ ಅದರಲ್ಲೇ ಇಳಿದಿರುತ್ತದೆ. ಅದೇ ನೀರು ಸಾರಿಗೆ ಸೇರಿದರೆ ಒಗ್ಗರಣೆಗೆ ಒಂದು ಚಮಚ ಎಣ್ಣೆ ಕಡಿಮೆ ಸಾಕು.